60 ಲೀಟರ್ ಅಂತ ಬರೆದಿತ್ತು: ಬೆಳಗಾವಿಯಲ್ಲಿ ಅಗ್ಗದ ಟ್ರೆಕ್ಕಿಂಗ್ ಬ್ಯಾಗ್ ತಗೊಳ್ಳುವವರು ಒಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. 1,450 ರೂಪಾಯಿಗೆ 60 ಲೀಟರ್ ಬ್ಯಾಗ್ ಕೊಡುತ್ತಾರೆ ಅಂದಾಗಲೇ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೋಗಲಿ, ಸುಮ್ಮನಾದರೂ ಇರಬೇಕಿತ್ತು ಅಲ್ವಾ? ಮನೆಗೆ ಬಂದು ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಬ್ಯಾಗಿನ ಫೋಟೋ ಹಾಕಿ, "ಮೂರ್ನಾಲ್ಕು ಸಾವಿರ ಕೊಡೋರು ಹುಚ್ಚರು" ಅಂತ ಬರೆದೆ. ಆ ಮೆಸೇಜ್ ಇನ್ನೂ ಅಲ್ಲೇ ಇದೆ. ದಿನಕ್ಕೊಬ್ಬರು ಅದನ್ನು ಎಳೆದು ತಂದು ನಗುವ ಗೊಂಬೆ ಹಾಕುತ್ತಾರೆ.

ಖಡೇಬಜಾರಿನ ಆಸುಪಾಸಿನ ಗಲ್ಲಿಗಳಲ್ಲಿ ಬ್ಯಾಗಿನ ಅಂಗಡಿಗಳು ಎಷ್ಟಿವೆ ಅಂತ ನಿಮಗೆ ಗೊತ್ತು. ಅಂಗಡಿ ಹೆಸರು ಬರೆಯುವುದಿಲ್ಲ. ಇದೇ ಮಾಲು ಬೇರೆ ಅಂಗಡಿಗಳಲ್ಲೂ ತೂಗುಹಾಕಿದ್ದನ್ನು ಆಮೇಲೆ ನೋಡಿದೆ. ಕಪ್ಪು ಮತ್ತು ಕಿತ್ತಳೆ ಬಣ್ಣ, ಮುಂದೆ ಗುಡ್ಡದ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 60 ಲೀಟರ್, ವಾಟರ್‌ಪ್ರೂಫ್, 1000 ಡಿ. ಎಮ್‌ಆರ್‌ಪಿ ಚೀಟಿಯಲ್ಲಿ 4,999. ಅಂಗಡಿಯವನು 2,200ರಿಂದ ಶುರು ಮಾಡಿದ. ನಾನು ಸಾವಿರ ಅಂದೆ. ಎರಡು ಸಲ ಹೊರಗೆ ಕಾಲಿಟ್ಟೆ, ಎರಡು ಸಲವೂ ಕರೆದ. 1,450ಕ್ಕೆ ಮುರಿಯಿತು. ಗೆದ್ದೆ ಅಂದುಕೊಂಡೆ.

"ಸಾವಿರ ಡಿ ಅಂದ್ರ ಏನು?" ಅಂತ ಕೇಳಿದ್ದೆ.

"ಡಿ ಅಂದ್ರ ಡಬಲ್ ರೀ ಸರ. ಡಬಲ್ ಬಟ್ಟಿ."

ನಾನು ತಲೆ ಆಡಿಸಿದೆ. ಡಬಲ್ಲಾದರೆ ಸಾವಿರ ಯಾಕೆ ಅಂತ ಕೇಳಲಿಲ್ಲ ನೋಡಿ! ಡಿ ಅಂದರೆ ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು. ನೂಲು ಎಷ್ಟು ದಪ್ಪ ಅಂತ ಹೇಳುವ ಅಳತೆ, ಅಷ್ಟೇ. ಬಟ್ಟೆ ಒಂದು ಪದರವೋ ಎರಡೋ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇದೆಲ್ಲ ನನಗೆ ಗೊತ್ತಾಗಿದ್ದು ದುಡ್ಡು ಹೋದ ಮೇಲೆ.

ಆಮೇಲೆ ಅವನ ನೀರಿನ ಆಟ. ಬಾಟಲಿಯಿಂದ ಅಂಗೈಗೆ ನೀರು ಸುರಿದುಕೊಂಡು, ಬೆರಳಿನಿಂದ ಬ್ಯಾಗಿನ ಮೇಲೆ ಚಿಮುಕಿಸಿದ. ಹನಿಗಳು ಮುತ್ತಿನ ಹಾಗೆ ಉರುಳಿದವು. "ನೋಡ್ರಿ ಸರ, ಕೆಸುವಿನ ಎಲಿ ಇದ್ದಂಗ ಐತಿ" ಅಂದ. ನಾನೂ ಬೆರಳು ಅದ್ದಿ ಚಿಮುಕಿಸಿದೆ. ಇಬ್ಬರೂ ನಕ್ಕೆವು. ಆ ನಗು ನೆನಪಾದರೆ ಈಗ ಮೈ ಉರಿಯುತ್ತದೆ.

ಬಿಲ್ ಕೇಳಿದೆ. "ಬಿಲ್ ಬೇಕಂದ್ರ ಜಿಎಸ್‌ಟಿ ಬ್ಯಾರೆ ಬೀಳತೈತ್ರಿ" ಅಂದು, ಮೇಲೆ 'ಎಸ್ಟಿಮೇಟ್' ಅಂತ ಅಚ್ಚಾದ ಒಂದು ಚೀಟಿ ಹರಿದು ಕೊಟ್ಟ. ಅದರ ಮೇಲೆ "ಬ್ಯಾಗ್ 1" ಅಂತ ಇದೆ, ಬೇರೇನೂ ಇಲ್ಲ. ಅಂಗಡಿಯ ಹೆಸರೂ ಇಲ್ಲ.

ಮುಂದಿನ ಭಾನುವಾರ ಯಳ್ಳೂರಿನ ರಾಜಹಂಸಗಡಕ್ಕೆ ಹಾಕಿಕೊಂಡು ಹೋದೆ. ಏನೂ ಆಗಲಿಲ್ಲ. ಏನಾಗಬೇಕು? ಒಳಗಿದ್ದದ್ದು ಒಂದು ನೀರಿನ ಬಾಟಲಿ, ಒಂದು ಟವೆಲ್. ಇಲ್ಲೇ ಎಲ್ಲರೂ ಮೋಸ ಹೋಗುವುದು. ಖಾಲಿ ಬ್ಯಾಗ್ ಯಾವುದಾದರೂ ಹಗುರವೇ.

ನಿಜವಾದ ಟ್ರಿಪ್ ಮಹಾರಾಷ್ಟ್ರದ ಘಟ್ಟದ ಊರು ಆಂಬೋಲಿಗೆ. ನಾಲ್ಕು ಜನ, ಒಂದು ರಾತ್ರಿ. "ನನ್ನ ಬ್ಯಾಗ್ ದೊಡ್ಡದು, ಎಲ್ಲರ ಊಟದ ಸಾಮಾನು ನಾನೇ ತರ್ತೀನಿ" ಅಂತ ಮೆರೆದದ್ದೂ ನಾನೇ. ಶುಕ್ರವಾರ ರಾತ್ರಿ ತುಂಬಲು ಕೂತರೆ ಎರಡು ಚಾದರ, ಒಂದು ಜೊತೆ ಬಟ್ಟೆ ಹಾಕುವಷ್ಟರಲ್ಲಿ ಅರ್ಧ ಮುಗಿಯಿತು. ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ, ನೀರು ಒತ್ತಿ ತುರುಕಿದೆ. ಜಿಪ್ ಹಾಕಲು ಮೊಣಕಾಲು ಊರಬೇಕಾಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಅರವತ್ತು ಲೀಟರ್ ಅಂದ್ರ ಇಷ್ಟ ಏನ್ರೀ?" ಅಂದಳು. ನಾನು ಉತ್ತರ ಕೊಡಲಿಲ್ಲ. ತಕ್ಕಡಿ ಮೇಲೆ ಹೊತ್ತುಕೊಂಡು ನಿಂತು ನನ್ನ ತೂಕ ಕಳೆದೆ. 9 ಕಿಲೋ. ಬರೀ ಒಂಬತ್ತು!

ಸಾವಂತವಾಡಿ ಬಸ್ಸು ಹಿಡಿದು ಆಂಬೋಲಿಯಲ್ಲಿ ಇಳಿದೆವು. ಅಲ್ಲಿನ ಮಳೆ ನಿಮಗೆ ಗೊತ್ತಿರುತ್ತದೆ, ಮೇಲಿಂದ ಮಾತ್ರ ಬೀಳುವುದಿಲ್ಲ, ಗಾಳಿ ಜೊತೆ ಪಕ್ಕದಿಂದಲೂ ಹೊಡೆಯುತ್ತದೆ. ಹಿರಣ್ಯಕೇಶಿ ಗುಡಿ ನೋಡಿಕೊಂಡು ನಡೆದೇ ರೂಮಿಗೆ ಹೋಗೋಣ ಅಂತ ಹೊರಟೆವು. ಹತ್ತು ನಿಮಿಷಕ್ಕೇ ಹೆಗಲು ಕತ್ತರಿಸಲು ಶುರು. ಸೊಂಟದ ಬೆಲ್ಟ್ ಬಿಗಿದರೆ ಭಾರ ಕೆಳಗೆ ಇಳಿಯುತ್ತದೆ ಅಂತ ದೋಸ್ತ ಹೇಳಿದ. ಬಿಗಿದೆ. ನನ್ನ ಬ್ಯಾಗಿನದು ಬೆಲ್ಟೇ ಅಲ್ಲ, ಎರಡು ಬೆರಳು ಅಗಲದ ನೈಲಾನ್ ಪಟ್ಟಿ. ಅದು ಸೊಂಟದ ಎಲುಬಿನ ಮೇಲೆ ಕೂರದೆ ಹೊಟ್ಟೆ ಒತ್ತಿ ಹಿಡಿಯಿತು. ಬೆನ್ನ ಕಡೆ ಗಟ್ಟಿ ಹಲಗೆಯೂ ಇಲ್ಲ, ಸಲಾಕೆಯೂ ಇಲ್ಲ. ಚಟ್ನಿ ಡಬ್ಬಿಯ ಅಂಚು ನೇರ ಬೆನ್ನುಹುರಿಗೆ ಬಡಿಯುತ್ತಿತ್ತು.

ಮಳೆ ಜೋರಾಯಿತು. ರೇನ್‌ಕವರ್ ಹಾಕೋಣ ಅಂತ ತಳದ ಜಿಪ್ ತೆಗೆದೆ. ಅದರ ಮೇಲೆ ಕೊಡೆಯ ಚಿತ್ರ ಇದೆ, ಒಳಗೆ ಕೈ ಹಾಕಿದರೆ ಖಾಲಿ. ಸಿಲಿಕಾ ಜೆಲ್ಲಿನ ಪುಡಿಕೆ ಒಂದು ಸಿಕ್ಕಿತು.

ಆಮೇಲೆ ಬಲಗಡೆಯ ಹೆಗಲಿನ ಪಟ್ಟಿ ಕಿತ್ತಿತು. ಒಮ್ಮೆಲೇ ಅಲ್ಲ. ಮೊದಲು ಟರ್ ಅಂತ ಸಣ್ಣ ಸದ್ದು, ಎರಡು ಹೆಜ್ಜೆ ಇಟ್ಟ ಮೇಲೆ ಇನ್ನೊಂದು ಟರ್, ಆಮೇಲೆ ಇಡೀ ಬ್ಯಾಗ್ ಎಡಕ್ಕೆ ವಾಲಿ ನಾನೂ ವಾಲಿದೆ. ಉಳಿದ ದಾರಿಯೆಲ್ಲ ಅದನ್ನು ಎದೆಗೆ ಅಪ್ಪಿಕೊಂಡು ನಡೆದೆ, ಕೂಸಿನ ಹಾಗೆ. ಎದುರಿಗೆ ಒಬ್ಬ ಅಜ್ಜಿ ತಲೆ ಮೇಲೆ ಸೌದೆ ಹೊರೆ ಹೊತ್ತು ಆರಾಮಾಗಿ ಬರುತ್ತಿದ್ದಳು. ನನ್ನ ಬ್ಯಾಗ್ ನೋಡಿದಳು, ನನ್ನ ಮುಖ ನೋಡಿದಳು, ನಕ್ಕು ಮುಂದೆ ಹೋದಳು. ದೋಸ್ತರು ಮುಂದೆ ನಡೆಯುತ್ತಾ, "ಮೂರ್ನಾಲ್ಕು ಸಾವಿರ ಕೊಡೋರು..." ಅಂತ ಒಬ್ಬ, "ಹುಚ್ಚರು!" ಅಂತ ಇನ್ನಿಬ್ಬರು.

ರೂಮಿನಲ್ಲಿ ಬಿಚ್ಚಿ ನೋಡಿದರೆ ಖಡಕ್ ರೊಟ್ಟಿ ಎಲ್ಲ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿದ್ದವು. ಮಡಚಿದರೆ ಮಡಚುತ್ತಿದ್ದವು! ಖಡಕ್ ರೊಟ್ಟಿ ಮಡಚುವುದನ್ನು ನೋಡಿದ್ದೀರಾ ಯಾವತ್ತಾದರೂ? ಶೇಂಗಾ ಚಟ್ನಿ ಕೆಸರು. ಚಾದರ ಹಿಂಡಿದರೆ ನೀರು. ನಮ್ಮಲ್ಲಿ ಒಬ್ಬ ಕಾಲೇಜಿನ ಕಾಲದ ಹಳೇ ಬ್ಯಾಗ್ ತಂದಿದ್ದ. ಅದರೊಳಗೆ ಗೊಬ್ಬರ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ ತೊಳೆದು ಹಾಕಿ, ಬಾಯಿ ಕಟ್ಟಿದ್ದ. ಅವನ ಬಟ್ಟೆ ಇಸ್ತ್ರಿ ಮಾಡಿದ ಹಾಗೇ ಇತ್ತು. ರಾತ್ರಿ ನಾನು ಹೊದ್ದಿದ್ದು ಅವನದೇ ಚಾದರ. ಇದಕ್ಕಿಂತ ಮರ್ಯಾದೆ ಹೋಗಲು ಇನ್ನೇನು ಬೇಕು.

ನೀರು ಹೇಗೆ ಬಂತು ಅಂದರೆ, ಇಂಥ ಬಟ್ಟೆಗೆ ಒಳಗಿನಿಂದ ಪಿಯು ಅನ್ನುವ ಲೇಪ ಬಳಿದಿರುತ್ತಾರೆ. ಬಟ್ಟೆಯಲ್ಲಿ ನೀರು ತಡೆಯುವುದು ಅದು. ಆದರೆ ಸೂಜಿ ಹೋದ ಕಡೆಯೆಲ್ಲ ತೂತು ತಾನೇ? ಹೊಲಿಗೆ ಮೇಲೆ ಒಳಗಿನಿಂದ ಟೇಪ್ ಅಂಟಿಸಿಲ್ಲ ಅಂದರೆ ಅಲ್ಲಿಂದ ಬರುತ್ತದೆ, ಜಿಪ್ಪಿನಿಂದಂತೂ ಬಂದೇ ಬರುತ್ತದೆ. ಹನಿ ಉರುಳುವುದು ಬಟ್ಟೆಯ ಮೇಲ್ಮೈ ಮಾತು. ಅಂಗಡಿಯವನು ಜಿಪ್ ಮೇಲೆ ಒಂದು ಹನಿಯನ್ನೂ ಚಿಮುಕಿಸಿರಲಿಲ್ಲ! ನನ್ನ ಬ್ಯಾಗಿನ ಲೇಪ ಬೆರಳಿನಿಂದ ಉಜ್ಜಿದರೆ ಬಿಳಿ ಪುಡಿಯಾಗಿ ಉದುರುತ್ತದೆ.

ಊರಿಗೆ ಬಂದ ಮೇಲೆ ಎಂಟನೇ ಕ್ಲಾಸಿನ ಮಗಳು ಟೇಪ್ ತಂದಳು. ಬ್ಯಾಗಿಗೆ ಹಳೇ ಪೇಪರ್ ತುಂಬಿ ಉಬ್ಬಿಸಿ ಅಳೆದಳು. ಎತ್ತರ 52 ಸೆಂಟಿಮೀಟರ್, ಅಗಲ 31, ದಪ್ಪ 18. ಗುಣಿಸಿ ಸಾವಿರದಿಂದ ಭಾಗಿಸಿದಳು. "ಅಪ್ಪಾ, 29 ಲೀಟರ್ ಅಷ್ಟ." ಅದೂ ಮೂಲೆಗಳು ಚೌಕ ಇವೆ ಅಂತ ಹಿಡಿದ ಲೆಕ್ಕ. ಮೇಲೆ ಗುಂಡಗಿದೆ, ನಿಜದಲ್ಲಿ ಇನ್ನೂ ಕಡಿಮೆ.

ಮಂಗಳವಾರ ಅಂಗಡಿಗೆ ಹೋದೆ. ಇದನ್ನು ಪೂರ್ತಿ ಬರೆಯಲೇಬೇಕು.

"ಸರ, ಮಳ್ಯಾಗ ಒಯ್ದಿರೇನು?" ಇದು ಮೊದಲ ಪ್ರಶ್ನೆ.

"ವಾಟರ್‌ಪ್ರೂಫ್ ಅಂದ್ರಲ್ಲ?"

"ವಾಟರ್‌ಪ್ರೂಫ್ ಐತ್ರಿ. ಮಳಿ ಬ್ಯಾರೆ, ವಾಟರ್ ಬ್ಯಾರೆ."

ರೇನ್‌ಕವರ್ ಎಲ್ಲಿ ಅಂದೆ. "ಕವರಿಗೆ ಪಾಕೀಟ್ ಐತಿ ಅಂತ ತೋರಿಸಿದ್ದೆ. ಕವರ್ ಕೊಡತೀನಿ ಅಂದಿದ್ನೇನ್ರಿ?" ಒಂದು ಕ್ಷಣ ನನಗೇ ಅನುಮಾನ ಬಂತು, ಅಂದಿದ್ದನೋ ಇಲ್ಲವೋ ಅಂತ. ಅಷ್ಟು ತಣ್ಣಗೆ ಹೇಳಿದ.

ಕೊನೆಗೆ 29 ಲೀಟರ್ ಲೆಕ್ಕ ಇಟ್ಟೆ. ಆತ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದ. "ಸರ, ನೀವು ಹಾಲಿನ ಲೀಟರ್ ಹಿಡದೀರಿ. ಬ್ಯಾಗಿನ ಲೀಟರ್ ಬ್ಯಾರೆ ಇರತೈತಿ."

ಬ್ಯಾಗಿನ ಲೀಟರ್! ಇಪ್ಪತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ, ಯಾರೂ ಹೀಗೆ ಕೇಳಿಲ್ಲ ಅಂತ ಬೇರೆ. ಪಟ್ಟಿ ಹೊಲಿಸಿ ಕೊಡ್ತೀನಿ, ನೂರೈವತ್ತು ಆಗುತ್ತೆ ಅಂದ. ಇಲ್ಲವಾದರೆ 800 ಸೇರಿಸಿ ಇನ್ನೊಂದು ಬ್ಯಾಗ್ ತಗೊಳ್ಳಿ ಅಂದ. ಇನ್ನೊಂದು! ಗೋಡೆ ಮೇಲಿನ ಬೋರ್ಡ್ ಕಡೆ ಬೆರಳು ತೋರಿಸಿದ, ಮಾರಿದ ಮಾಲು ವಾಪಸ್ ಇಲ್ಲ.

ಅಷ್ಟರಲ್ಲಿ ಕಾಲೇಜಿನ ಹುಡುಗನೊಬ್ಬ ಬಂದು ಅದೇ ಕಿತ್ತಳೆ ಬ್ಯಾಗ್ ಕೇಳಿದ. ನಾನು ಅಲ್ಲೇ ನಿಂತಿದ್ದೇನೆ, ಕಿತ್ತ ಬ್ಯಾಗ್ ಕೌಂಟರ್ ಮೇಲಿದೆ. ಆತ ಸ್ವಲ್ಪವೂ ಅಳುಕದೆ ಬಾಟಲಿ ತೆಗೆದು ಅಂಗೈಗೆ ನೀರು ಸುರಿದುಕೊಂಡ! ಕೆಸುವಿನ ಎಲೆಯ ಮಾತೂ ಅದೇ. ನನಗೆ ತಡೆಯಲಾಗಲಿಲ್ಲ. "ತಮ್ಮಾ, ಆ ನೀರು ಜಿಪ್ ಮ್ಯಾಲೆ ಹಾಕಸು" ಅಂದೆ. ಹುಡುಗ ನನ್ನನ್ನು ನೋಡಿದ, ಕಿತ್ತ ಪಟ್ಟಿ ನೋಡಿದ, ನಾಳೆ ಬರ್ತೀನಿ ಅಂತ ಇಳಿದು ಹೋದ. "ಗಿರಾಕಿ ಕೆಡಸಬ್ಯಾಡ್ರಿ ಸರ" ಅಂತ ಅಂಗಡಿಯವನ ದನಿ ಮೊದಲ ಸಲ ಏರಿತು. ಆ ಬ್ಯಾಗಿನಿಂದ ನನಗೆ ಸಿಕ್ಕ ಸುಖ ಅದೊಂದೇ.

ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಮಾಮಾ ಒಬ್ಬರಿಗೆ ತೋರಿಸಿದೆ. ಪಟ್ಟಿಯ ಬುಡ ಬಿಚ್ಚಿ, ಒಂದೇ ಸಾಲು ಹೊಲಿಗೆ ತೋರಿಸಿದರು. "ಇದಕ್ಕ ಹೊಲಿಗಿ ಅನ್ನಂಗಿಲ್ಲ. ಟಾಕಾ ಹಾಕ್ಯಾರ." ಗಟ್ಟಿ ಬ್ಯಾಗಿನಲ್ಲಿ ಪಟ್ಟಿ ಒಳಗಿನವರೆಗೂ ಹೋಗಿರುತ್ತದೆ, ಮೇಲೆ ಚೌಕ ಹೊಲಿದು ಅದರೊಳಗೆ ಗುಣಾಕಾರದ ಗುರುತಿನ ಹಾಗೆ ಅಡ್ಡ ಹೊಲಿದಿರುತ್ತಾರಂತೆ. ನನ್ನದು ಅಂಚಿನ ಬಟ್ಟೆಗೆ ಬರೀ ಅಂಟಿಕೊಂಡಿತ್ತು.

ಇಷ್ಟು ಮಾತ್ರ ಹೇಳುತ್ತೇನೆ. ಒಂದು ದಿನದ ತಿರುಗಾಟಕ್ಕೆ 20ರಿಂದ 30 ಲೀಟರ್ ಸಾಕು, ಒಂದು ರಾತ್ರಿ ಇದ್ದರೆ 35, 40. ಅರವತ್ತರ ಆಸೆ ಯಾಕೆ ನಮಗೆ? ಟೇಪ್ ಒಯ್ಯಿರಿ, ನಾಚಿಕೆ ಬೇಡ. ಅಂಗಡಿಯಲ್ಲೇ ಏಳೆಂಟು ಕಿಲೋ ತುಂಬಿಸಿ ಹತ್ತು ನಿಮಿಷ ಹೊತ್ತು ನಿಲ್ಲಿ. ಸೊಂಟದ ಬೆಲ್ಟ್ ದಪ್ಪ ಇರಬೇಕು, ಎಲುಬಿನ ಮೇಲೆ ಕೂರಬೇಕು. ಪಟ್ಟಿಯ ಬುಡ ಎಳೆದು ನೋಡಿ. ವಾಟರ್‌ಪ್ರೂಫ್ ಅಂತ ಎಷ್ಟು ದೊಡ್ಡದಾಗಿ ಬರೆದಿದ್ದರೂ ಒಳಗೊಂದು ಪ್ಲಾಸ್ಟಿಕ್ ಚೀಲ ಹಾಕಿ. ಬಿಲ್ ಇಲ್ಲದೆ ಇಳಿಯಬೇಡಿ. ಎಸ್ಟಿಮೇಟ್ ಬಿಲ್ ಅಲ್ಲ, ಅಲ್ಲ, ಅಲ್ಲ.

ಇನ್ನು ಆ ಬೋರ್ಡಿನ ಮಾತು. ಪರಿಚಯದ ವಕೀಲರೊಬ್ಬರು ಹೇಳಿದ್ದು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ ತಪ್ಪು, ಕೆಟ್ಟ ಮಾಲು ವಾಪಸ್ ತಗೊಳ್ಳದಿರುವುದೂ ತಪ್ಪು. ಬಿಲ್ಲಿನಲ್ಲಿ ಗಡುವು ಬರೆದಿಲ್ಲ ಅಂದರೆ 30 ದಿನ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲವಂತೆ. ಸಲಹೆ ಬೇಕಾದರೆ ಸಹಾಯವಾಣಿ 1915 ಇದೆ. ನನ್ನ ಹತ್ತಿರ ಫೋನಿನಲ್ಲಿ ದುಡ್ಡು ಕಳಿಸಿದ ಮೆಸೇಜ್ ಇತ್ತು, ಅದರ ಪ್ರಿಂಟ್ ತೆಗೆದು, ಕಿತ್ತ ಪಟ್ಟಿಯ ಫೋಟೋ ಸೇರಿಸಿ, ಅರ್ಧ ಪುಟದ ಪತ್ರ ಬರೆದು ಅಂಗಡಿಗೇ ಸ್ಪೀಡ್ ಪೋಸ್ಟ್ ಮಾಡಿದೆ. ಆಗ ಬ್ಯಾಗ್ ತಗೊಂಡು 22 ದಿನ ಆಗಿತ್ತು.

ನಿನ್ನೆ ಸಂಜೆ ಫೋನ್ ಬಂತು. ಅದೇ ದನಿ, ಆದರೆ ಬೆಲ್ಲ ಸುರಿದ ಹಾಗಿತ್ತು. "ಏನ್ ಸರ, ಇಷ್ಟಕ್ಕೆಲ್ಲಾ ಪತ್ರ ಯಾಕ? ನಾವು ನೀವು ಒಂದ ಊರವ್ರು. ಬರ್ರಿ, ಚಹಾ ಕುಡಿಯೂಣು, ಏನರ ಮಾಡೂಣು."

ಶನಿವಾರ ಹೋಗುತ್ತೇನೆ. ಮಗಳೂ ಬರುತ್ತಾಳಂತೆ, ಟೇಪ್ ಹಿಡಿದುಕೊಂಡು.