ಸ್ಟಾರ್ ಜೋಡಣೆ: ಸ್ವಿಚ್ ಸುಟ್ಟರೂ ಬಿಟ್ಟಿಲ್ಲ

ಗೋಣಿಕೊಪ್ಪಲಿನಲ್ಲಿ ನಮ್ಮದು ಕಾಫಿ, ಕರಿಮೆಣಸು ಖರೀದಿಸುವ ಮಳಿಗೆ. ಲೆಕ್ಕದ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್, ತಕ್ಕಡಿಯ ಬಳಿ ಒಂದು, ಹಿಂದಿನ ಗೋದಾಮಿನಲ್ಲಿ ಒಂದು. ಎಲ್ಲದರ ಕೇಬಲ್‌ಗಳೂ 8 ಪೋರ್ಟಿನ ಒಂದೇ ಸ್ವಿಚ್‌ಗೆ, ಅಂದರೆ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಬೆಸೆಯುವ ಪೆಟ್ಟಿಗೆಗೆ, ಬಂದು ಸೇರುತ್ತವೆ. 2008ರಿಂದ ಈ ಸ್ಟಾರ್ ಜೋಡಣೆಯನ್ನೇ ಬಳಸುತ್ತಿದ್ದೇನೆ.

ಅದಕ್ಕೂ ಮೊದಲು ಅಪ್ಪ ಹಾಕಿಸಿದ್ದ ಬಸ್ ಜೋಡಣೆ ಇತ್ತು. ಒಂದೇ ಕೋಆಕ್ಸಿಯಲ್ ಕೇಬಲ್ ಎಲ್ಲ ಮೇಜುಗಳನ್ನೂ ಹಾದುಹೋಗುತ್ತಿತ್ತು, ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರ್, ಅಂದರೆ ಸಂಕೇತ ತುದಿಗೆ ಬಡಿದು ಮರಳದಂತೆ ತಡೆಯುವ ಪುಟ್ಟ ಬಿರಡೆ. ಕೇಬಲ್ ಖರ್ಚು ಕಡಿಮೆ, ಕಿರಿಕಿರಿ ವಿಪರೀತ. ಒಂದು ಜನವರಿಯಲ್ಲಿ, ರೊಬಸ್ಟಾ ಮೂಟೆಗಳು ಬಾಗಿಲವರೆಗೆ ಸಾಲುಗಟ್ಟಿದ್ದಾಗ, ಕಸ ಗುಡಿಸುವ ಪೊರಕೆ ತಾಗಿ ತುದಿಯ ಟರ್ಮಿನೇಟರ್ ಕಳಚಿತು. ಎಲ್ಲ ಕಂಪ್ಯೂಟರ್‌ಗಳ ಸಂಪರ್ಕವೂ ಒಟ್ಟಿಗೇ ಹೋಯಿತು. ಕಾರಣ ಹುಡುಕುವಷ್ಟರಲ್ಲಿ ಸಂಜೆ. ಅಂದಿನ ರಶೀದಿಗಳನ್ನೆಲ್ಲ ಕೈಯಲ್ಲೇ ಬರೆದೆವು.

ಸ್ಟಾರ್‌ನಲ್ಲಿ ಆ ಗೋಳಿಲ್ಲ. ಗೋದಾಮಿನ ಕೇಬಲನ್ನು ಇಲಿ ಕಡಿದಾಗ ನಿಂತದ್ದು ಆ ಒಂದು ಕಂಪ್ಯೂಟರ್ ಮಾತ್ರ. ಸ್ವಿಚ್‌ನಲ್ಲಿ ಯಾವ ದೀಪ ಆರಿದೆ ಎಂದು ನೋಡಿದರೆ ಸಾಕು, ತೊಂದರೆ ಎಲ್ಲಿದೆ ಎಂದು ತಿಳಿಯುತ್ತದೆ.

ಆದರೆ ಸ್ವಿಚ್ ಸತ್ತರೆ ಎಲ್ಲವೂ ಸತ್ತಂತೆ. ಒಂದು ಏಪ್ರಿಲ್‌ನಲ್ಲಿ ಹೂಮಳೆಯ ಜೊತೆ ಬಂದ ಸಿಡಿಲು ಗೋದಾಮಿಗೆ ಬಯಲಲ್ಲಿ ಎಳೆದಿದ್ದ ತಾಮ್ರದ ಕೇಬಲ್ ಹಿಡಿದು ಒಳಬಂದು ಸ್ವಿಚ್ಚನ್ನೂ ಎರಡು ಕಂಪ್ಯೂಟರ್‌ಗಳ ನೆಟ್‌ವರ್ಕ್ ಕಾರ್ಡನ್ನೂ ಸುಟ್ಟಿತು. ದೂರ 70 ಮೀಟರ್, ತಾಮ್ರದ ಕೇಬಲ್‌ನ 100 ಮೀಟರ್ ಮಿತಿಯೊಳಗೇ ಇತ್ತು. ಸಿಡಿಲಿಗೆ ಆ ಲೆಕ್ಕವಿಲ್ಲವಲ್ಲ! ಈಗ ಅಷ್ಟು ದೂರಕ್ಕೆ ಆಪ್ಟಿಕಲ್ ಫೈಬರ್ ಹಾಕಿಸಿದ್ದೇನೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಇನ್ನೊಂದು ಪೆದ್ದುತನ ನನ್ನದೇ: ಕಂಪ್ಯೂಟರ್‌ಗಳಿಗೆಲ್ಲ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಮರೆತಿದ್ದೆ. ಆಷಾಢದ ಮಳೆಗೆ ಕರೆಂಟ್ ಹೋದಾಗಲೆಲ್ಲ ಪರದೆಗಳು ಬೆಳಗುತ್ತಿದ್ದವು, ಕಡತ ಮಾತ್ರ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ.

ಕಂಪ್ಯೂಟರ್‌ಗಳನ್ನು ಬಳೆಯಂತೆ ಒಂದರ ಪಕ್ಕ ಒಂದು ಸುತ್ತ ಪೋಣಿಸುವ ರಿಂಗ್ ಜೋಡಣೆಯನ್ನು ನಾನು ಬಳಸಿಲ್ಲ. ಒಂಟಿ ವರ್ತುಲ ಒಂದೆಡೆ ತುಂಡಾದರೂ ಎಲ್ಲಕ್ಕೂ ತೊಂದರೆ ಎಂದ ಮೇಲೆ ಆಸೆಯೂ ಹುಟ್ಟಲಿಲ್ಲ. ಪೂರ್ಣ ಮೆಶ್‌ನಲ್ಲಿ ಪ್ರತಿಯೊಂದಕ್ಕೂ ಪ್ರತಿಯೊಂದನ್ನು ಜೋಡಿಸಬೇಕು: ಆರು ಕಂಪ್ಯೂಟರ್‌ಗೆ 15 ಕೇಬಲ್. ನಮ್ಮ ಗೋಡೆ ತಾಳುವುದಿಲ್ಲ. ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುವ ಗೆಳೆಯರು ಕೇಬಲ್ ಬದಲು ವೈಫೈ ಪೆಟ್ಟಿಗೆಗಳೇ ಒಂದಕ್ಕೊಂದು ಸಂಪರ್ಕಿಸುವ ನಿಸ್ತಂತು ಮೆಶ್ ಹಾಕಿಸಿ ಸುಖವಾಗಿದ್ದಾರೆ, ದಪ್ಪ ಕಲ್ಲುಗೋಡೆ ದಾಟಿದ ಕೋಣೆಗಳಲ್ಲಿ ವೇಗ ಕುಗ್ಗುತ್ತದೆ ಎಂಬ ಗೊಣಗಾಟವೊಂದನ್ನು ಬಿಟ್ಟರೆ.

ಸ್ಟಾರ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದ ಬೆಲೆ ನನ್ನ ಮೇಜಿನ ಡ್ರಾಯರ್‌ನಲ್ಲಿದೆ: ಪೊಟ್ಟಣ ಬಿಚ್ಚದ ಇನ್ನೊಂದು ಸ್ವಿಚ್.