ಗಾಜಿಗೆ ಕಲ್ಲು ಹೊಡೆದರೆ: ಕಿಟ್ ಸಾಕಾ, ಅಂಗಡಿಗೇ ಹೋಗಬೇಕಾ?

ಜಲ್ಲಿ ತುಂಬಿದ ಟಿಪ್ಪರ್ ಹಿಂದೆ ಓಡಾಡುವವರ ಕಾರಿನ ಮುಂದಿನ ಗಾಜಿಗೆ ಇವತ್ತಲ್ಲ ನಾಳೆ ಏಟು ಬಿದ್ದೇ ಬೀಳುತ್ತದೆ. ನನ್ನ ಗಾಜಿಗೆ ಎರಡು ಏಟು ಬಿದ್ದಿವೆ. ಒಂದು ನೆಲಮಂಗಲ ದಾಟಿದ ಮೇಲೆ ತುಮಕೂರು ರಸ್ತೆಯಲ್ಲಿ. ಇನ್ನೊಂದು ಹಾಸನ–ಸಕಲೇಶಪುರದ ನಡುವೆ, ರಸ್ತೆ ಅಗಲ ಮಾಡುತ್ತಿದ್ದ ಕಡೆ. ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದ ಕಿಟ್ ಹಿಡಿದು ನಾನೇ ರಿಪೇರಿ ಮಾಡಿದೆ. ಎರಡನೆಯದನ್ನು ಬೆಂಗಳೂರಿನ ಒಂದು ಗ್ಲಾಸ್ ಅಂಗಡಿಯಲ್ಲಿ ಮಾಡಿಸಿದೆ. ಹೋಲಿಸೋದಕ್ಕೆ ಭಾವಮೈದುನನ ಕಾರೂ ಸಿಕ್ಕಿತು. ನನ್ನ ಮೊದಲ ಏಟಿನಂಥದ್ದೇ ಚಿಪ್ಪು (ಕಲ್ಲು ತಾಗಿ ಗಾಜು ಎದ್ದ ಸಣ್ಣ ಗುಳಿ) ಅವನ ಗಾಜಿನಲ್ಲೂ ಇತ್ತು, ಅವನು ಅದನ್ನು ಅದೇ ಅಂಗಡಿಗೆ ಕೊಟ್ಟಿದ್ದ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಚಿಪ್ಪು ಗುಂಡಗಿದ್ದು, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾಗಿದ್ದರೆ ಕಿಟ್ ಸಾಕು. ಸುತ್ತ ಕಾಲು ಬಿಟ್ಟಿದ್ದರೆ, ಅಂದರೆ ಏಟಿನಿಂದ ಸಣ್ಣ ಬಿರುಕುಗಳು ಹೊರಟಿದ್ದರೆ, ಅಂಗಡಿಗೆ ಹೋಗಿ. ದುಡ್ಡು ನೋಡಿ ಅಲ್ಲ, ಏಟಿನ ಆಕಾರ ನೋಡಿ ಆರಿಸಬೇಕು.

ಯಾಕೆ ಅಂದರೆ, ಮುಂದಿನ ಗಾಜು ಒಂದೇ ಗಾಜಲ್ಲ. ತೆಳುವಾದ ಎರಡು ಗಾಜು, ನಡುವೆ ಒಂದು ಪ್ಲಾಸ್ಟಿಕ್ ಪದರ. ಕಲ್ಲು ಸಾಮಾನ್ಯವಾಗಿ ಹೊರಗಿನ ಗಾಜನ್ನು ಮಾತ್ರ ಸೀಳುತ್ತದೆ. ಸೀಳಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ, ಬೆಳಕು ಅಲ್ಲಿ ಚದುರುತ್ತದೆ, ಅದಕ್ಕೇ ಬೆಳ್ಳಿಯ ಹಾಗೆ ಹೊಳೆಯೋದು. ರಿಪೇರಿ ಅಂದರೆ ಆ ಗಾಳಿಯನ್ನು ಹೊರಗೆಳೆದು, ಹೆಚ್ಚುಕಡಿಮೆ ಗಾಜಿನಂತೆಯೇ ಬೆಳಕು ಬಿಡುವ ರೆಸಿನ್ ಅನ್ನುವ ಅಂಟು ದ್ರವವನ್ನು ಒಳಗೆ ತುಂಬಿ ಗಟ್ಟಿ ಮಾಡುವುದು, ಅಷ್ಟೇ. ಕಿಟ್ ಮಾಡುವುದೂ ಅದೇ, ಅಂಗಡಿಯವರು ಮಾಡುವುದೂ ಅದೇ. ಗಾಳಿ ಎಷ್ಟು ಚೆನ್ನಾಗಿ ಹೊರಗೆ ಬಂತು ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಪಕ್ಕದ ಮತ್ತು ಹಿಂದಿನ ಗಾಜುಗಳಿಗೆ ಈ ಮಾತು ಸಾಮಾನ್ಯವಾಗಿ ಸಲ್ಲುವುದಿಲ್ಲ. ಅವು ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಉದುರುತ್ತವೆ, ರಿಪೇರಿಯ ಪ್ರಶ್ನೆಯೇ ಇಲ್ಲ.

ಕಿಟ್‌ನ ಬೆಲೆ 300ರಿಂದ 600 ರೂಪಾಯಿ. ಒಳಗೆ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಕಾಲುಗಳ ಸ್ಟ್ಯಾಂಡ್, ತಿರುಪು ಹಾಕುವ ಸಣ್ಣ ಕೊಳವೆ, ಪುಟ್ಟ ಸೀಸೆಯಲ್ಲಿ ರೆಸಿನ್, ನಾಲ್ಕಾರು ಪ್ಲಾಸ್ಟಿಕ್ ಹಾಳೆ, ಒಂದು ಬ್ಲೇಡ್ ಇರುತ್ತವೆ. ಮೊದಲು ಗುಂಡುಸೂಜಿಯಿಂದ ಏಟಿನ ಬಾಯಲ್ಲಿರುವ ಗಾಜಿನ ಪುಡಿ ಕೆದಕಿ ತೆಗೆಯಬೇಕು. ನೀರು ಹಾಕಿ ಒರೆಸುವ ಆಸೆ ಆಗುತ್ತದೆ, ಬೇಡ. ನೀರು ಒಳಗೆ ಸೇರಿದರೆ ರೆಸಿನ್ ಅಲ್ಲಿಗೆ ಹೋಗುವುದಿಲ್ಲ. ನಾನು ಹೇರ್ ಡ್ರೈಯರ್ ಅನ್ನು ದೂರದಿಂದ ಹಿಡಿದು ಒಣಗಿಸಿದೆ. ಹತ್ತಿರ ಹಿಡಿದರೆ ಬಿಸಿಗೆ ಬಿರುಕು ಓಡುತ್ತದೆ.

ಆಮೇಲೆ ಸ್ಟ್ಯಾಂಡ್ ಕೂರಿಸಿ, ಕೊಳವೆಯ ಬಾಯಿ ಸರಿಯಾಗಿ ಏಟಿನ ಮೇಲೆ ಬರುವ ಹಾಗೆ ನೋಡಿಕೊಂಡು, ಎರಡು ಮೂರು ಹನಿ ರೆಸಿನ್ ಬಿಟ್ಟು ತಿರುಪು ಬಿಗಿ ಮಾಡಬೇಕು. ಸ್ವಲ್ಪ ಹೊತ್ತು ಬಿಟ್ಟು ತಿರುಪು ಸಡಿಲಿಸಿದರೆ ಗುಳ್ಳೆ ಮೇಲೆ ಬರುತ್ತದೆ. ಮತ್ತೆ ಬಿಗಿ, ಮತ್ತೆ ಸಡಿಲ. ಕೆಲಸದ ಮುಕ್ಕಾಲು ಪಾಲು ಇದೇ. ಇಲ್ಲಿ ಆತುರ ಮಾಡಿದವರೇ ಕಿಟ್ ಕೆಲಸ ಮಾಡಲ್ಲ ಅಂತ ಬೈಯುವುದು ಅನ್ನಿಸುತ್ತದೆ. ಕಾರಿನೊಳಗೆ ಕೂತು ನೋಡುತ್ತಿದ್ದರೆ ಬೆಳ್ಳಿ ಬಣ್ಣದ ವೃತ್ತ ಒಂದು ಅಂಚಿನಿಂದ ಮಾಸುತ್ತಾ ಬರುವುದು ಕಾಣುತ್ತದೆ. ಆ ಕ್ಷಣ ಮಜವಾಗಿರುತ್ತದೆ, ಸುಳ್ಳು ಹೇಳಲ್ಲ.

ಈ ಕಿಟ್‌ಗಳ ಸೂಚನಾ ಚೀಟಿಯಲ್ಲಿ ರೆಸಿನ್ ಗಟ್ಟಿಯಾಗಲು ಬಿಸಿಲಿಗೆ ಹದಿನೈದು ಇಪ್ಪತ್ತು ನಿಮಿಷ ಬಿಡಿ ಅಂತ ಇರುತ್ತದೆ. ನಮ್ಮ ಬಿಸಿಲಿಗೆ ಅದು ಸಾಕು. ಆದರೆ ಬಿಸಿಲು ಬೇಕಿರುವುದು ಕೊನೆಗೆ ಮಾತ್ರ. ತುಂಬುವ ಕೆಲಸ ನೆರಳಿನಲ್ಲೇ ಆಗಬೇಕು. ಬಯಲಲ್ಲಿ ನಿಲ್ಲಿಸಿ ಶುರು ಮಾಡಿದರೆ ರೆಸಿನ್ ಕೊಳವೆಯಲ್ಲೇ ಗಟ್ಟಿಯಾಗತೊಡಗುತ್ತದೆ. ತುಂಬಿದ ಮೇಲೆ ಸ್ಟ್ಯಾಂಡ್ ತೆಗೆದು, ಬಾಯಿಗೆ ಇನ್ನೊಂದು ಹನಿ ಬಿಟ್ಟು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಕಾರನ್ನು ಬಿಸಿಲಿಗೆ ತಂದರಾಯಿತು. ಕೊನೆಗೆ ಬ್ಲೇಡನ್ನು ಗಾಜಿಗೆ ನೆಟ್ಟಗೆ ಹಿಡಿದು ಉಬ್ಬಿದ್ದನ್ನು ಕೆರೆಯಬೇಕು. ಮಲೆನಾಡಿನ ಜೂನ್, ಜುಲೈನಲ್ಲಿ ಈ ಕಿಟ್ ತರಿಸಿ ಇಟ್ಟುಕೊಂಡರೆ ಸುಮ್ನೆ ಕಪಾಟಿನಲ್ಲಿ ಕೂರುತ್ತದೆ. ಒದ್ದೆಯೂ ಆರಲ್ಲ, ಬಿಸಿಲೂ ಸಿಗಲ್ಲ. ಮೊಬೈಲ್ ಟಾರ್ಚ್ ಬೆಳಕಿಗೆ ರೆಸಿನ್ ಗಟ್ಟಿಯಾಗುವುದೂ ಇಲ್ಲ.

ಇನ್ನು ಅಂಗಡಿ. ಸಕಲೇಶಪುರ ರಸ್ತೆಯ ಏಟು ಮೂರು ಕಾಲು ಬಿಟ್ಟಿತ್ತು. ಡ್ರೈವರ್ ಕಡೆಗೇ ಇತ್ತು. ಅದಕ್ಕೆ ಕಿಟ್ ಮುಟ್ಟಿಸಲು ನನಗೆ ಮನಸ್ಸಾಗಲಿಲ್ಲ. ಗುಂಡನೆಯ ಚಿಪ್ಪಿನಲ್ಲಿ ರೆಸಿನ್ ತಾನಾಗಿ ಹರಡುತ್ತದೆ. ಕಾಲುಗಳು ಕೂದಲಿಗಿಂತ ತೆಳು, ತುದಿಯವರೆಗೆ ತಲುಪಬೇಕೆಂದರೆ ಒಳಗಿನ ಗಾಳಿಯನ್ನು ಪಂಪ್‌ನಿಂದಲೇ ಎಳೆಯಬೇಕು.

ಅಂಗಡಿಯ ಹುಡುಗ ಮೊದಲು ಮಾಡಿದ ಕೆಲಸ ಒಂದು ಚಿಕ್ಕ ಕನ್ನಡಿಯನ್ನು ಗಾಜಿನ ಒಳಬದಿಗೆ ಅಂಟಿಸಿದ್ದು. ಹೊರಗೆ ನಿಂತೇ ಸೀಳಿನ ತಳ ಕಾಣಲಿ ಅಂತ. ಟಾರ್ಚ್ ಬಿಟ್ಟು ನೋಡಿ, “ಸಾರ್, ಒಂದು ಕಾಲಲ್ಲಿ ಮಣ್ಣು ಕೂತಿದೆ. ಗುರುತು ಪೂರ್ತಿ ಹೋಗಲ್ಲ. ಆದ್ರೆ ಕ್ರ್ಯಾಕ್ ಮುಂದಕ್ಕೆ ಓಡಲ್ಲ” ಎಂದ. ಕೆಲಸಕ್ಕೆ ಮುಂಚೆ ಹೀಗೆ ಹೇಳುವವರ ಮೇಲೆ ನನಗೆ ನಂಬಿಕೆ ಜಾಸ್ತಿ. ಏಟಿನ ಬಾಯಿ ಮುಚ್ಚಿಕೊಂಡಿದ್ದರಿಂದ ಸಣ್ಣ ಡ್ರಿಲ್‌ನಲ್ಲಿ ಚೂರು ತೆರೆದ. ಆ ಸದ್ದಿಗೆ ನನ್ನ ಹಲ್ಲು ಜುಮ್ ಅಂದಿತು. ಆಮೇಲೆ ಪಂಪ್ ಹಾಕಿ ಗಾಳಿ ಎಳೆದು, ಒತ್ತಡ ಕೊಟ್ಟು, ಮತ್ತೆ ಎಳೆದ. ಕನ್ನಡಿಯಲ್ಲಿ ನೋಡುತ್ತಿದ್ದ ಹಾಗೆ ಮೊದಲನೇ ಕಾಲು ಬುಡದಿಂದ ತುದಿಗೆ ಅಳಿಸಿಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಅರ್ಧಕ್ಕೆ ನಿಂತಿತು. ಅಲ್ಲಿ ಹುಡುಗ ಗಾಜಿನ ಒಳಬದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟ, ಇನ್ನಷ್ಟು ದೂರ ಹೋಯಿತು. ತುದಿಯಲ್ಲಿ ಮಣ್ಣಿನ ಗೆರೆ ಉಳಿದುಕೊಂಡಿತು. ಕೊನೆಗೆ ನೇರಳೆ ಬೆಳಕಿನ ದೀಪ ಇಟ್ಟು ಗಟ್ಟಿ ಮಾಡಿ, ಕೆರೆದು, ಪಾಲಿಶ್ ಹೊಡೆದ. 900 ರೂಪಾಯಿ ಕೊಟ್ಟೆ.

ಈಗ ಪಕ್ಕಪಕ್ಕ ಇಟ್ಟು ನೋಡಿದ್ದನ್ನು ಹೇಳುತ್ತೇನೆ. ನನ್ನ ಕಿಟ್ ಕೆಲಸವನ್ನೂ ಭಾವಮೈದುನನ ಅಂಗಡಿ ಕೆಲಸವನ್ನೂ ಸಂಜೆ ಬಿಸಿಲಿಗೆ ಒಡ್ಡಿ ನೋಡಿದೆವು. ನನ್ನದರಲ್ಲಿ ಹನಿ ಆರಿದ ಕಲೆಯಂಥ ಗುರುತಿದೆ, ಅಂಚಿನಲ್ಲಿ ಅಕ್ಕಿನುಚ್ಚಿನಷ್ಟು ಗುಳ್ಳೆ ಉಳಿದಿದೆ. ಅವನದನ್ನು ಹುಡುಕಬೇಕು. ಬೆರಳಾಡಿಸಿದರೂ ಅವನದು ಸಿಗುವುದಿಲ್ಲ, ನನ್ನದು ಸ್ವಲ್ಪ ತಗ್ಗಾಗಿದೆ, ವೈಪರ್ ಧೂಳನ್ನು ತಂದು ಅಲ್ಲೇ ಬಿಡುತ್ತದೆ. ನೋಟದಲ್ಲಿ ಅಂಗಡಿಯೇ ಗೆದ್ದಿತು, ಎರಡು ಮಾತಿಲ್ಲ. ಆದರೆ ಬೇಸಿಗೆಯಲ್ಲಿ ಕಾದ ಗಾಜಿಗೆ ಎಸಿ ಬಿಟ್ಟಿದ್ದೂ ಆಯಿತು, ಶಿರಾಡಿ ಘಾಟಿಯ ಮಳೆಯಲ್ಲಿ ಹಬೆ ತೆಗೆಯಲು ಬಿಸಿಗಾಳಿ ಬಿಟ್ಟಿದ್ದೂ ಆಯಿತು, ಎರಡೂ ಕಡೆ ಬಿರುಕು ಒಂದೆಳೆಯೂ ಮುಂದೆ ಹೋಗಿಲ್ಲ. ಪ್ಯಾಸೆಂಜರ್ ಕಡೆ ಕೆಳಗಿರುವ ಚಿಪ್ಪಿಗೆ ನನಗೆ ಬೇಕಿದ್ದದ್ದು ಇಷ್ಟೇ. ಅದೇ ಕಲೆ ಡ್ರೈವರ್ ಕಣ್ಣೆದುರು ಇದ್ದಿದ್ದರೆ ರಾತ್ರಿ ಎದುರಿನ ಗಾಡಿಯ ಹೈಬೀಮ್ ಅಲ್ಲಿ ಸಿಡಿದು ತಲೆ ಕೆಡುತ್ತಿತ್ತು.

ಕಿಟ್‌ಗೆ ಒಂದು ದೊಡ್ಡ ಅನುಕೂಲ ಇದೆ. ಮನೆಯಲ್ಲಿ ಮೊದಲೇ ಇದ್ದರೆ ಏಟು ಬಿದ್ದ ದಿನವೇ ಕೂರಬಹುದು, ಮಣ್ಣು, ನೀರು ಸೇರುವ ಮುಂಚೆ. ನನ್ನ ಸಕಲೇಶಪುರದ ಏಟಿನ ಮೂರನೇ ಕಾಲಲ್ಲಿ ಮಣ್ಣು ಕೂತದ್ದು ಬೆಂಗಳೂರಿಗೆ ವಾಪಸ್ ಬರುವ ದಾರಿಯಲ್ಲೇ. ಅಂಗಡಿಗೇ ಕೊಡುವವರೂ ಏಟು ಬಿದ್ದ ತಕ್ಷಣ ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ಗಾಡಿ ತೊಳೆಸದೆ ಹೋಗಿ. ಟೇಪ್ ಸಾಕು, ಸೂಪರ್ ಗ್ಲೂ ಬೇಡ. ಅದು ಬಾಯಲ್ಲೇ ಗಟ್ಟಿಯಾಗಿ ಕೂತರೆ ಆಮೇಲೆ ಅಂಗಡಿಯವರ ರೆಸಿನ್‌ಗೂ ಒಳಗೆ ದಾರಿ ಇರುವುದಿಲ್ಲ.

ಎರಡೂ ಆಗದ ಏಟುಗಳಿವೆ. ಗಾಜಿನ ಅಂಚಿಗೆ ತಗುಲಿದ್ದು, ಒಳಗಿನ ಪದರಕ್ಕೂ ಇಳಿದದ್ದು, ಗೇಣುದ್ದ ಓಡಿದ್ದು, ಇವಕ್ಕೆ ಗಾಜು ಬದಲಿಸುವುದೇ ದಾರಿ. ಒಳಗಿನ ರಿಯರ್ ವ್ಯೂ ಕನ್ನಡಿಯ ಹಿಂದೆ ರಸ್ತೆ ನೋಡುವ ಕ್ಯಾಮೆರಾ ಇರುವ ಹೊಸ ಕಾರುಗಳಲ್ಲಿ ಅದರ ಎದುರಿಗೇ ಏಟು ಬಿದ್ದಿದ್ದರೆ ಕಿಟ್ ಯೋಚನೆಯನ್ನೇ ಬಿಡಿ. ಗಾಜು ಬದಲಿಸಿದರೂ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕಾಗುತ್ತದೆ, ಬಿಲ್ ಏರುತ್ತದೆ.

ಬಿಲ್ ಅಂದ ಕೂಡಲೇ ಇನ್ಶೂರೆನ್ಸ್ ನೆನಪಾಗುತ್ತದೆ ಅಲ್ವಾ? ಪೂರ್ತಿ ಗಾಜು ಬದಲಿಸುವಾಗ ಅದು ಉಪಯೋಗಕ್ಕೆ ಬರುತ್ತದೆ, ಗಾಜಿಗೆ ಸವಕಳಿ ಅಂತ ಕಡಿತ ಮಾಡುವುದಿಲ್ಲ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸಾಮಾನ್ಯವಾಗಿ ಹೋಗುತ್ತದೆ. ಐದು ವರ್ಷ ಕ್ಲೇಮ್ ಇಲ್ಲದೆ 50 ಶೇಕಡಾ ಮುಟ್ಟಿದವರು ಅದನ್ನೂ ಲೆಕ್ಕ ಹಾಕಬೇಕು. ಚಿಪ್ಪು ರಿಪೇರಿಗಂತೂ ಕ್ಲೇಮ್ ವಿಷಯವೇ ಎತ್ತಬೇಡಿ. ನಾನು ಅಂಗಡಿಗೆ ಕೊಟ್ಟದ್ದು 900 ರೂಪಾಯಿ. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮ್‌ನಲ್ಲೂ ನಮ್ಮ ಕೈಯಿಂದ ಕಡ್ಡಾಯವಾಗಿ ಹೋಗುವ ಪಾಲೇ 1,000 ರೂಪಾಯಿ.