ತಪ್ಪು ಮಾಡುವ ನಾಯಕಿಯರು: ಯಾರ ದೋಷ ನಿಜ, ಯಾರದ್ದು ಸುಮ್ನೆ?

ಮಾಟ ಮಂತ್ರ ಎಲ್ಲೋ ದೂರದ ಕಾಡಿನಲ್ಲಿ, ಅರಮನೆಯಲ್ಲಿ ನಡೆಯದೆ ಬಸ್ಸು ಓಡಾಡುವ ಬೀದಿಯಲ್ಲೇ ನಡೆದರೆ ಆ ಕಾದಂಬರಿಗೆ ಅರ್ಬನ್ ಫ್ಯಾಂಟಸಿ ಅಂತಾರೆ. ಹದಿಹರೆಯದವರಿಗೆ ಬರೆದ ಇಂಥ ಇಂಗ್ಲಿಷ್ ಪುಸ್ತಕಗಳು ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಹಿಂದಿನ ರಟ್ಟು ತಿರುಗಿಸಿದರೆ ಹೆಚ್ಚು ಕಡಿಮೆ ಒಂದೇ ಮಾತು: ನಾಯಕಿಯಲ್ಲಿ ಕುಂದುಕೊರತೆ ಇದೆ, ಅವಳೂ ನಿಮ್ಮ ಹಾಗೇ ಒಬ್ಬ ಹುಡುಗಿ. ಮನೆಗೆ ತಂದು ಓದಿದರೆ ಅವಳ ದೊಡ್ಡ ಕೊರತೆ ಏನಪ್ಪಾ ಅಂದರೆ ನಡೆಯುವಾಗ ಎಡವುತ್ತಾಳೆ. ಅಥವಾ ತಾನು ಚೆಂದ ಇಲ್ಲ ಅಂದುಕೊಂಡಿರುತ್ತಾಳೆ. ನೂರನೇ ಪುಟದ ಹೊತ್ತಿಗೆ ಚೆಂದ ಇರುವುದೂ ಗೊತ್ತಾಗುತ್ತದೆ.

ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ಅವಳೂ ಅವಳ ಗೆಳತಿಯರೂ ಈ ಪುಸ್ತಕಗಳ ದೊಡ್ಡ ಗಿರಾಕಿಗಳು. ಅವರ ಜೊತೆ ಕೈ ಬದಲಾಯಿಸಿಕೊಂಡು ನಾನೂ ಒಂದಷ್ಟು ಓದಿದೆ. ಕೆಲವನ್ನು ಮೆಟ್ರೋದಲ್ಲಿ ನಿಂತುಕೊಂಡೇ ಮುಗಿಸಿದೆ. ಓದುವಾಗ ನನ್ನ ಪರೀಕ್ಷೆ ಒಂದೇ ಇತ್ತು. ನಾಯಕಿಯ ದೋಷವನ್ನು ಕಥೆಯಿಂದ ತೆಗೆದುಬಿಡಿ. ಆಮೇಲೂ ಕಥೆ ಹಾಗೇ ಓಡಿದರೆ ಆ ದೋಷ ಬರೀ ಅಲಂಕಾರಕ್ಕೆ ಇಟ್ಟದ್ದು. ಕಥೆ ನಿಂತುಹೋದರೆ ನಿಜವಾದದ್ದು. ಇನ್ನೊಂದನ್ನೂ ಗಮನಿಸುತ್ತಿದ್ದೆ: ಅವಳು ಮಾಡಿದ ತಪ್ಪಿಗೆ ದಂಡ ಕಟ್ಟಿದವರು ಯಾರು?

ಎಲ್ಲರಿಗೂ ಗೊತ್ತಿರುವ ಕ್ಲೇರಿ ಫ್ರೇ ಮೊದಲು ಬರಲಿ. ಕಸಾಂಡ್ರಾ ಕ್ಲೇರ್ ಬರೆದ 'ಸಿಟಿ ಆಫ್ ಬೋನ್ಸ್' 2007ರದ್ದು. ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ಬೇರೆ ಯಾರ ಕಣ್ಣಿಗೂ ಕಾಣದ ಕೊಲೆಯೊಂದು ಇವಳಿಗೆ ಕಾಣುತ್ತದೆ. ಅಲ್ಲಿಂದ ರಾಕ್ಷಸರು, ಅವರನ್ನು ಬೇಟೆಯಾಡುವವರು, ಕಾಣೆಯಾದ ಅಮ್ಮ, ಎಲ್ಲ ಒಂದರ ಹಿಂದೆ ಒಂದು. ಕ್ಲೇರಿಯ ದೋಷ ದುಡುಕು. ಹೋಗಬೇಡ ಅಂದ ಕಡೆಗೆ ಮೊದಲು ಹೋಗುತ್ತಾಳೆ. ಆದರೆ ದುಡುಕಿದಾಗಲೆಲ್ಲ ಅವಳಿಗೆ ಏನೋ ಒಂದು ಹೊಸ ಶಕ್ತಿ ಸಿಗುತ್ತದೆ, ಸಿಕ್ಕಿಬಿದ್ದಲ್ಲಿಂದ ಬಿಡಿಸಿಕೊಂಡು ಬರುತ್ತಾಳೆ. ಪೆಟ್ಟು ತಿನ್ನುವವನು ಗೆಳೆಯ ಸೈಮನ್. ಮೊದಲ ಪುಸ್ತಕದಲ್ಲಿ ಪಾರ್ಟಿಯೊಂದರಲ್ಲಿ ಇಲಿಯಾಗುತ್ತಾನೆ, ಎರಡನೆಯದರಲ್ಲಿ ರಕ್ತಪಿಶಾಚಿಯೇ ಆಗಿಬಿಡುತ್ತಾನೆ. ಕ್ಲೇರಿ ಅಳುತ್ತಾಳೆ, ಅದು ನಿಜ. ಆದರೆ ಮುಂದಿನ ಸಲವೂ ಅದೇ ಓಟ. ಅವಳ ದುಡುಕನ್ನು ತೆಗೆದರೂ ಕಥೆಗೆ ದೊಡ್ಡ ನಷ್ಟವಿಲ್ಲ, ಯಾಕೆಂದರೆ ಅಮ್ಮನನ್ನು ಹೊತ್ತೊಯ್ದವರು ಹೇಗಿದ್ದರೂ ಹೊತ್ತೊಯ್ಯುತ್ತಿದ್ದರು.

ಇದನ್ನು ಹೇಳಿದ್ದಕ್ಕೆ ಅಕ್ಕನ ಮಗಳು ಜಗಳಕ್ಕೇ ಬಂದಳು. "ಚಿಕ್ಕಿ, ಅವಳು ಯಾರನ್ನೂ ಕೇಳಲ್ಲ, ಎದ್ದು ಹೋಗ್ತಾಳೆ ಅಷ್ಟೇ. ನಾನು ಟ್ಯೂಷನ್‌ನಿಂದ ಹತ್ತು ನಿಮಿಷ ಲೇಟಾದ್ರೆ ಅಮ್ಮನ ಮೂರು ಕಾಲ್ ಬಂದಿರುತ್ತೆ." ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಸಂಜೆ ಏಳಕ್ಕೆ ಜಯನಗರದಿಂದ ಒಬ್ಬಳೇ ಬರಲು ಅನುಮತಿ ಕೇಳಬೇಕಾದ ಹುಡುಗಿಗೆ, ಕೇಳದೆ ಹೋಗುವುದೇ ಒಂದು ಮಂತ್ರಶಕ್ತಿ ಅಲ್ವಾ? ನನ್ನ ಪರೀಕ್ಷೆಯಲ್ಲಿ ಫೇಲಾದ ಕ್ಲೇರಿ ಅವಳ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್.

ಲೈನಿ ಟೇಲರ್ ಅವರ 'ಡಾಟರ್ ಆಫ್ ಸ್ಮೋಕ್ ಅಂಡ್ ಬೋನ್' (2011) ಓದುವುದಕ್ಕೆ ಕ್ಲೇರಿಗಿಂತ ಎಷ್ಟೋ ಸೊಗಸು. ಪ್ರಾಗ್ ನಗರ, ಚಳಿ, ಶವಪೆಟ್ಟಿಗೆಗಳನ್ನೇ ಮೇಜು ಮಾಡಿಕೊಂಡ ಒಂದು ಹೋಟೆಲು. ಅಲ್ಲಿ ಚಿತ್ರಕಲೆ ಓದುವ ಹದಿನೇಳರ ಕರೂ. ಅವಳನ್ನು ಸಾಕಿದವನು ಬ್ರಿಮ್‌ಸ್ಟೋನ್, ಟಗರಿನ ಕೊಂಬಿನ ಮಂತ್ರಗಾರ. ಅವನಿಗಾಗಿ ದೇಶದೇಶ ತಿರುಗಿ ಹಲ್ಲು ತಂದುಕೊಡುತ್ತಾಳೆ. ಹಲ್ಲು ಯಾಕೆ ಬೇಕು ಅಂತ ಅವನು ಬಾಯಿ ಬಿಡುವುದಿಲ್ಲ. ಇವಳು ತರುವುದನ್ನೂ ನಿಲ್ಲಿಸುವುದಿಲ್ಲ. ಕಾಲೇಜಿನಲ್ಲಿ ಈ ಪ್ರಾಣಿಮುಖದವರ ಚಿತ್ರ ಬರೆದು ಅವರ ಕಥೆಗಳನ್ನು ನಕ್ಕುಕೊಂಡು ಹೇಳುತ್ತಾಳೆ. ನಿಜವನ್ನೇ ಹೇಳುತ್ತಿದ್ದಾಳೆ ಅಂತ ಯಾರಿಗೂ ಹೊಳೆಯುವುದಿಲ್ಲ. ಸುಳ್ಳು ಹೇಳುವುದರಲ್ಲಿ ಇಷ್ಟು ಜಾಣ ದಾರಿಯನ್ನು ನಾನು ಬೇರೆ ಕಡೆ ಓದಿಲ್ಲ.

ಕೈಕೊಟ್ಟ ಹುಡುಗ ತರಗತಿಗೆ ಮಾಡೆಲ್ ಆಗಿ ಬಂದು ನಿಂತಾಗ ಕರೂ ಏನು ಮಾಡುತ್ತಾಳೆ ಗೊತ್ತಾ? ಕೊರಳಿನ ಮಣಿಗಳಲ್ಲಿರುವ ಪುಟ್ಟ ಪುಟ್ಟ ವರಗಳನ್ನು ಖರ್ಚು ಮಾಡಿ, ಎಲ್ಲರ ಎದುರು ಕೆರೆದುಕೊಳ್ಳಲಾಗದ ಜಾಗಗಳಲ್ಲಿ ಅವನಿಗೆ ತುರಿಕೆ ಬರಿಸುತ್ತಾಳೆ. ನಮ್ಮ ಹುಡುಗಿಯರೆಲ್ಲ ಓದಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇಂಥ ಸಣ್ಣತನ ಎಲ್ಲರಲ್ಲೂ ಇರುತ್ತದೆ, ಅದಕ್ಕೇ ಇಷ್ಟವಾಗುತ್ತಾಳೆ. ಆದರೆ ಇದರಿಂದ ಯಾರಿಗೂ ಏನೂ ಆಗುವುದಿಲ್ಲ, ಬ್ರಿಮ್‌ಸ್ಟೋನ್ ಕೈಲಿ ಬೈಸಿಕೊಳ್ಳುವುದು ಬಿಟ್ಟರೆ. ಜೊತೆಗೆ ಕರೂಗೆ ಹಲವು ಭಾಷೆ ಬರುತ್ತದೆ, ಹೊಡೆದಾಟ ಬರುತ್ತದೆ, ನೀಲಿ ಕೂದಲು ಬುಡದಿಂದಲೇ ನೀಲಿಯಾಗಿ ಬೆಳೆಯುತ್ತದೆ. ನಮ್ಮ ಹಾಗೆ ಅನ್ನಿಸಲು ಇದು ಸ್ವಲ್ಪ ಜಾಸ್ತಿಯೇ ಆಯಿತು. ಅವಳು ನಂಬಿದ್ದಕ್ಕೆ ನಿಜವಾದ ಲೆಕ್ಕ ಚುಕ್ತಾ ಆಗುವುದು 2012ರ ಎರಡನೇ ಭಾಗದಲ್ಲಿ. ಅಲ್ಲಿಯವರೆಗೆ ತಾಳ್ಮೆ ಇದ್ದವರಿಗೆ ಕರೂ ಸಿಗುತ್ತಾಳೆ.

ಆರೂ ಶಾ ವಿಷಯಕ್ಕೆ ಬಂದರೆ ನಾನು ಪಕ್ಷಪಾತಿ. ರೋಶನಿ ಚೋಕ್ಷಿ ಅವರ 'ಆರೂ ಶಾ ಅಂಡ್ ದಿ ಎಂಡ್ ಆಫ್ ಟೈಮ್' (2018) ಇನ್ನೂ ಚಿಕ್ಕ ಮಕ್ಕಳ ಕಪಾಟಿನದ್ದು, ನಾಯಕಿಗೆ ಹನ್ನೆರಡು ವಯಸ್ಸು. ಪಿಯುಸಿ ಹುಡುಗಿಯರು ಮೊದಲು ಮೂಗು ಮುರಿದರು. ಆದರೂ ಈ ಹೋಲಿಕೆಯಿಂದ ಇವಳನ್ನು ಬಿಡಲಾರೆ. ಅಟ್ಲಾಂಟಾದಲ್ಲಿ ಭಾರತದ ಹಳೇ ವಸ್ತುಗಳ ಒಂದು ಮ್ಯೂಸಿಯಂ. ಅಮ್ಮ ಅಲ್ಲಿ ಕ್ಯುರೇಟರ್, ಅಮ್ಮ ಮಗಳ ಮನೆಯೂ ಅದೇ. ದುಡ್ಡಿರುವ ಮಕ್ಕಳ ಶಾಲೆಯಲ್ಲಿ ಆರೂ ಬಡಾಯಿ ಕೊಚ್ಚುತ್ತಾಳೆ. ರಜೆಗೆ ಅಲ್ಲಿಗೆ ಹೋಗಿದ್ದೆ, ಇಲ್ಲಿಗೆ ಹೋಗಿದ್ದೆ. ಒಂದು ದಿನ ಸಹಪಾಠಿಗಳು ಫೋನು ಹಿಡಿದು ಬಾಗಿಲಿಗೇ ಬರುತ್ತಾರೆ, ಸುಳ್ಳನ್ನು ರೆಕಾರ್ಡ್ ಮಾಡಲು. ಇವಳು ಸ್ಪೈಡರ್‌ಮ್ಯಾನ್ ಪೈಜಾಮದಲ್ಲಿ ಸಿಕ್ಕಿಬೀಳುತ್ತಾಳೆ. ಮರ್ಯಾದೆ ಉಳಿಸಿಕೊಳ್ಳಲು, ಹಚ್ಚಲೇಬಾರದು ಅಂತ ಅಮ್ಮ ಹೇಳಿದ್ದ ದೀಪವನ್ನು ಹಚ್ಚುತ್ತಾಳೆ. ಜಗತ್ತನ್ನು ಮುಗಿಸಬಲ್ಲವನು ಎದ್ದು ಹೊರಡುತ್ತಾನೆ. ಅಮ್ಮ ನಿಂತಲ್ಲೇ ಕಲ್ಲಿನ ಹಾಗೆ ಸ್ತಬ್ಧ.

ಈಗ ಸುಳ್ಳನ್ನು ತೆಗೆದು ನೋಡಿ. ಕಥೆಯೇ ಇಲ್ಲ. ದಂಡ ಯಾರ ಮೇಲೆ ಬಿತ್ತು? ಅಮ್ಮನ ಮೇಲೆ. ಹನ್ನೆರಡು ವರ್ಷದವಳ ಪುಸ್ತಕ ಹದಿನೇಳರವಳ ಪುಸ್ತಕಕ್ಕಿಂತ ಇಲ್ಲಿ ಗಟ್ಟಿ. ಇನ್ನೊಂದು ಜಾಣತನ ಇದೆ: ಆರೂಳನ್ನು ಆಪತ್ತಿಗೆ ತಳ್ಳುವ ಬಾಯಿಯೇ ಮುಂದೆ ಅವಳನ್ನು ಆಪತ್ತಿನಿಂದ ಬಿಡಿಸುತ್ತದೆ. ಸುಳ್ಳು ಹೇಳುವ ಚಾಳಿಯೂ ಕಥೆ ಕಟ್ಟುವ ಶಕ್ತಿಯೂ ಅವಳಲ್ಲಿ ಒಂದೇ ಬೇರಿನಿಂದ ಬಂದದ್ದು. ಹಾಗಂತ ಅಮ್ಮನಿಗೆ ಆದದ್ದು ಮಾಫಿ ಆಗುವುದಿಲ್ಲ.

ಆರೂಳಲ್ಲಿರುವುದು ಅರ್ಜುನನ ಆತ್ಮ. ಜೊತೆಗೆ ಬರುವ ಮಿನಿಯಲ್ಲಿ ಧರ್ಮರಾಯನದ್ದು. ಅವಳಿಗೆ ಅದಿದು ಅಲರ್ಜಿ, ಎಲ್ಲದಕ್ಕೂ ಭಯ. ಪಾಂಡವರು ಹುಡುಗಿಯರಾಗಿ ಅಮೆರಿಕದಲ್ಲಿ ಹುಟ್ಟಿದ್ದು ನಮ್ಮ ಮನೆಯಲ್ಲಿ ಅಕ್ಕನಿಗೆ ಅಷ್ಟು ಹಿಡಿಸಲಿಲ್ಲ. ನನಗೆ ಮಾತ್ರ ತಿಗಳರ ಪೇಟೆಯ ಧರ್ಮರಾಯನ ಗುಡಿ ನೆನಪಾಯಿತು. ಪಾಂಡವರಿಗಾಗಿ ಇರುವ ಗುಡಿ, ಚೈತ್ರದ ಹುಣ್ಣಿಮೆ ರಾತ್ರಿ ಕರಗ ಹೊರಡುವುದು ದ್ರೌಪದಿಗಾಗಿ. ಸ್ವರ್ಗದ ದಾರಿಯಲ್ಲಿ ಅವಳು ಹಿಂದೆ ಬಿದ್ದಳು, ತಿಮಿರಾಸುರ ಎದುರಾದ, ಆಗ ಶಕ್ತಿಯಾಗಿ ಎದ್ದು ವೀರಕುಮಾರರನ್ನು ಸೃಷ್ಟಿಸಿದಳು ಅನ್ನುವುದು ಕರಗದ ಕಥೆ. ಆ ದಾರಿಯಲ್ಲಿ ಅವಳು ಯಾಕೆ ಬಿದ್ದಳು ಅಂತ ಮಹಾಭಾರತದಲ್ಲಿ ಭೀಮ ಕೇಳುತ್ತಾನೆ. ಅರ್ಜುನನ ಮೇಲೆ ಅವಳಿಗೆ ಒಲವು ಜಾಸ್ತಿ ಇತ್ತು, ಅದೇ ದೋಷ ಅನ್ನುತ್ತಾನೆ ಧರ್ಮರಾಯ. ದೋಷ ಹೊತ್ತು ಬಿದ್ದವಳನ್ನೇ ಬೆಂಗಳೂರು ರಾತ್ರಿಯಿಡೀ ಪೇಟೆಯ ಬೀದಿಯಲ್ಲಿ ಮೆರೆಸುತ್ತದೆ. ಕತ್ತಿ ಹಿಡಿದ ವೀರಕುಮಾರರು ಸುತ್ತ ಇರುತ್ತಾರೆ. ಇದಕ್ಕಿಂತ ಅರ್ಬನ್ ಫ್ಯಾಂಟಸಿ ಬೇಕಾ?

ಇದೇ ಊರಿನ ಇನ್ನೊಂದು ಐತಿಹ್ಯ ಲಕ್ಷ್ಮಮ್ಮನದ್ದು. ಕೋಟೆ ಬಾಗಿಲು ನಿಲ್ಲಲಿ ಅಂತ ತುಂಬು ಬಸುರಿ ಪ್ರಾಣ ಕೊಟ್ಟಳಂತೆ, ಕೆಂಪೇಗೌಡರ ಸೊಸೆ. ಕೋರಮಂಗಲದಲ್ಲಿ ಅವಳ ಸಮಾಧಿ ಇದೆ. ಅವಳ ಕಥೆ ಕೇಳಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಅವಳು ಅವತ್ತು ಏನು ಯೋಚಿಸಿದಳು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಅಕ್ಕನ ಮಗಳ ವಯಸ್ಸಿನವರಿಗೆ ದ್ರೌಪದಿ ಹತ್ತಿರವಾಗುವುದು, ಲಕ್ಷ್ಮಮ್ಮ ದೂರ ಉಳಿಯುವುದು ಇದರಿಂದಲೇ ಇರಬೇಕು.

ಎಲ್ಲರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದವಳು ಬ್ರೀ ಮ್ಯಾಥ್ಯೂಸ್. ಟ್ರೇಸಿ ಡಿಯಾನ್ ಅವರ 'ಲೆಜೆಂಡ್‌ಬಾರ್ನ್' 2020ರಲ್ಲಿ ಬಂತು. ಹದಿನಾರರ ಬ್ರೀ, ಅಮ್ಮನಿಗೆ ಹೇಳದೆ ಅಮೆರಿಕದ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿ ಓದಲು ಅರ್ಜಿ ಹಾಕುತ್ತಾಳೆ. ವಿಷಯ ತಿಳಿದು ಅಮ್ಮ ಮಗಳಿಗೆ ಜಗಳವಾಗುತ್ತದೆ. ಅಮ್ಮ ಅಪಘಾತದಲ್ಲಿ ಸತ್ತುಹೋಗುತ್ತಾಳೆ. ಕೊನೆಯ ಮಾತೇ ಆ ಜಗಳ. ಕ್ಯಾಂಪಸ್ಸಿಗೆ ಬಂದ ಮೇಲೆ, ಬ್ರಿಟನ್ನಿನ ದಂತಕಥೆಯ ರಾಜ ಆರ್ಥರ್ ಮತ್ತು ಅವನ ಯೋಧರ ವಂಶದವರು ನಡೆಸುವ ಗುಪ್ತ ಕೂಟವೊಂದು ಕಣ್ಣಿಗೆ ಬೀಳುತ್ತದೆ. ಅಲ್ಲಿನ ಮಂತ್ರಗಾರ ಇವಳ ನೆನಪು ಅಳಿಸಲು ನೋಡುತ್ತಾನೆ, ಆಗುವುದಿಲ್ಲ. ಅಮ್ಮ ಸತ್ತ ರಾತ್ರಿ ಆಸ್ಪತ್ರೆಯಲ್ಲೂ ಇದೇ ಥರ ಯಾರೋ ತನ್ನ ನೆನಪನ್ನು ಮುಟ್ಟಿದ್ದರು ಅಂತ ಅವಳಿಗೆ ಆಗ ಹೊಳೆಯುತ್ತದೆ. ಹಾಗಾದರೆ ಅಮ್ಮನ ಸಾವು ಬರೀ ಅಪಘಾತವಾ?

ಬ್ರೀಯ ದೋಷ ಸಿಟ್ಟು. ಅದರ ಕೆಳಗೆ ದುಃಖ, ಅದಕ್ಕೂ ಕೆಳಗೆ ಆ ಜಗಳದ ಕೊರಗು. ಅವಳು ತನ್ನನ್ನೇ ಎರಡಾಗಿ ಲೆಕ್ಕ ಹಾಕುತ್ತಾಳೆ, ಅಮ್ಮ ಇದ್ದಾಗಿನ ಬ್ರೀ ಮತ್ತು ಆಮೇಲಿನ ಬ್ರೀ. ಗೆಳತಿ ಆಲಿಸ್‌ಗೆ ಸುಳ್ಳು ಹೇಳುತ್ತಾಳೆ, ಅಪ್ಪನಿಗೂ ನಿಜ ಹೇಳುವುದಿಲ್ಲ. ಸಹಾಯಕ್ಕೆ ಬಂದವರ ಮೇಲೇ ಹರಿಹಾಯುತ್ತಾಳೆ. ಕೂಟದೊಳಗೆ ನುಗ್ಗಲು ಒಬ್ಬ ಒಳ್ಳೆಯ ಹುಡುಗನ ಸ್ನೇಹವನ್ನು ಏಣಿ ಮಾಡಿಕೊಳ್ಳುತ್ತಾಳೆ. ಪುಸ್ತಕ ಇದನ್ನು ಮುಚ್ಚಿಡುವುದಿಲ್ಲ, ಮುದ್ದು ಮಾಡುವುದೂ ಇಲ್ಲ. ಮಂತ್ರ ಬಂದಿತು ಅಂತ ದುಃಖ ಹೋಗುವುದಿಲ್ಲ. ಅಪ್ಪ ಒತ್ತಾಯ ಮಾಡಿದ್ದಕ್ಕೆ ಥೆರಪಿಸ್ಟ್ ಹತ್ತಿರ ಹೋಗುತ್ತಾಳೆ. ಆ ಥೆರಪಿಸ್ಟ್ ಜೊತೆಗಿನ ಮಾತುಕತೆ ರಾಕ್ಷಸರ ಜೊತೆಗಿನ ಹೊಡೆದಾಟಕ್ಕಿಂತ ನನಗೆ ಜಾಸ್ತಿ ನೆನಪಿದೆ. ಬ್ರೀ ಕಪ್ಪು ಹುಡುಗಿ. ಬಿಳಿಯ ಮನೆತನಗಳ ಆ ಕೂಟದಲ್ಲಿ ಅವಳ ಸಿಟ್ಟಿಗೆ ಬೇರೆಯೇ ಕಾರಣಗಳೂ ಇವೆ. ಗುಲಾಮಗಿರಿಯ ಇತಿಹಾಸ ಕಥೆಯ ಒಳಗೇ ಬರುತ್ತದೆ, ಪಾಠದ ಹಾಗೆ ಬರುವುದಿಲ್ಲ. ಹಾಗಾಗಿ ಎಲ್ಲ ಸಿಟ್ಟೂ ದೋಷವಲ್ಲ, ಯಾವುದು ದೋಷ ಯಾವುದು ನ್ಯಾಯ ಅಂತ ಓದುವವರೇ ಬಿಡಿಸಿಕೊಳ್ಳಬೇಕು. ಇಷ್ಟು ಕೆಲಸವನ್ನು ಉಳಿದ ಯಾವ ಪುಸ್ತಕವೂ ನನಗೆ ಕೊಡಲಿಲ್ಲ.

ಗೆಳತಿಯರಲ್ಲಿ ಒಬ್ಬಳು ಹಾಸನದ ಕಡೆಯವಳು, ಇಲ್ಲಿ ಪಿಜಿಯಲ್ಲಿದ್ದಾಳೆ. ಅವಳು ಮಾತು ಕಡಿಮೆ. ಬ್ರೀ ಬಗ್ಗೆ ಮಾತ್ರ ಹೇಳಿದಳು: "ಆಂಟಿ, ಅಪ್ಪ ಫೋನ್ ಮಾಡಿದಾಗ ನಾನೂ ಊಟ ಆಯ್ತು, ಚೆನ್ನಾಗಿದೀನಿ ಅಂತಷ್ಟೇ ಹೇಳೋದು." ಕ್ಲೇರಿಯ ಪಾಳಿಯಲ್ಲಿದ್ದ ಅಕ್ಕನ ಮಗಳೂ ಇದಕ್ಕೆ ಎದುರು ಮಾತಾಡಲಿಲ್ಲ.

ಕುಂದು ಇಲ್ಲ ಅಂತಲ್ಲ. ಮಧ್ಯದ ನೂರು ಪುಟದಲ್ಲಿ ಕೂಟದ ಪದವಿಗಳು, ವಂಶಗಳು, ನಿಯಮಗಳು ಎಷ್ಟಿವೆ ಅಂದರೆ ಹಿಂದೆ ತಿರುಗಿಸಿ ತಿರುಗಿಸಿ ನೋಡಬೇಕಾಯಿತು. ಇಬ್ಬರು ಹುಡುಗರ ನಡುವೆ ಮನಸ್ಸು ತೂಗಾಡುವುದು ಈ ಜಾತಿಯ ಪುಸ್ತಕಗಳ ಹಳೇ ಕಾಯಿಲೆ, ಇಲ್ಲೂ ಇದೆ.

ಸನ್ನಿಯನ್ನು ಇವರ ಸಾಲಿನಲ್ಲಿ ನಿಲ್ಲಿಸುವುದು ಕಷ್ಟ. ನೆಡಿ ಒಕೊರಾಫೋರ್ ಅವರ 'ಅಕಾಟಾ ವಿಚ್' (2011) ನೈಜೀರಿಯಾದ ಅಬಾ ಊರಿನದ್ದು. ಸನ್ನಿಗೆ ಆಲ್ಬಿನಿಸಂ ಇದೆ, ಅಂದರೆ ಚರ್ಮಕ್ಕೆ, ಕೂದಲಿಗೆ ಬಣ್ಣ ಕಡಿಮೆ, ಬಿಸಿಲಿಗೆ ಹೋಗುವಂತಿಲ್ಲ, ಫುಟ್‌ಬಾಲ್ ಅಂದರೆ ಪ್ರಾಣ. ಮಂತ್ರಬಲ್ಲವರ ಆ ಲೋಕದಲ್ಲಿ, ಹೊರಗಿನವರು ಕೊರತೆ ಅನ್ನುವುದೇ ಶಕ್ತಿಯ ಗುರುತು. ಓದುವಾಗ ಅಕ್ಷರ ಕಲಸಿಹೋಗುವ ಡಿಸ್ಲೆಕ್ಸಿಯಾದ ಓರ್ಲೂಗೆ ಎಂಥ ಮಾಟವನ್ನಾದರೂ ಬಿಚ್ಚುವ ವಿದ್ಯೆ ಇದೆ. ಅಲ್ಲಿ ದುಡ್ಡು ಬರುವುದೂ ಹೊಸತು ಕಲಿತಾಗ, ಆಕಾಶದಿಂದ ಉದುರುತ್ತದೆ. ಅಂಕಪಟ್ಟಿ ನೋಡಿ ಬೆಲೆ ಕಟ್ಟುವ ನಮ್ಮ ಊರಿಗೆ ಇದು ಎಷ್ಟು ಹಿತವಾದ ಮಾತು! ಆದರೆ ನಾನು ಇಲ್ಲಿ ಹುಡುಕುತ್ತಿದ್ದುದು ಹುಟ್ಟಿನಿಂದ ಬಂದದ್ದನ್ನಲ್ಲ, ನಾಯಕಿ ತಾನಾಗಿ ಮಾಡುವ ತಪ್ಪನ್ನು. ಸನ್ನಿ ಅದಕ್ಕೆ ಸಿಗುವುದಿಲ್ಲ. ಅವಳನ್ನು ಅವಳಿಗಾಗಿಯೇ ಓದಬೇಕು.

ಯಾವುದನ್ನು ಮೊದಲು ಕೊಳ್ಳಬೇಕು ಅಂತ ಕೇಳುವವರಿಗೆ: ಹೈಸ್ಕೂಲಿಗೆ ಇನ್ನೂ ಕಾಲಿಡದ ಮಗಳಿದ್ದರೆ ಆರೂ, ಕಣ್ಣು ಮುಚ್ಚಿ. ಐದು ಪುಸ್ತಕಗಳ ಸರಣಿ 2022ಕ್ಕೆ ಮುಗಿದಿದೆ, ಮುಂದಿನದು ಯಾವಾಗ ಅಂತ ಕಾಯಬೇಕಿಲ್ಲ. ಪರೀಕ್ಷೆ ಮುಗಿಸಿ ತಲೆ ಹಗುರ ಮಾಡಿಕೊಳ್ಳಲು ಕ್ಲೇರಿ ಸಾಕು, ಹಳೇ ಪುಸ್ತಕದ ಅಂಗಡಿಯಲ್ಲೇ ಹುಡುಕಿ. ಭಾಷೆಯ ರುಚಿ ಬೇಕಾದವರು ಕರೂ ಜೊತೆ ಪ್ರಾಗ್‌ಗೆ ಹೋಗಿ. ಬ್ರೀಯನ್ನು ಹದಿನೈದು ದಾಟಿದವರಿಗೆ ಕೊಡಿ, ಹತ್ತಿರದವರನ್ನು ಈಚೆಗೆ ಕಳೆದುಕೊಂಡ ಮನೆಯಾದರೆ ಮೊದಲು ನೀವೇ ಓದಿ ನೋಡಿ. ಅದರ ಮುಂದಿನ ಭಾಗಗಳು 2022ರಲ್ಲೂ 2025ರಲ್ಲೂ ಬಂದಿವೆ. ಎರಡನೆಯದು ಈಗ ಪಿಜಿಯ ಹುಡುಗಿಯ ಹತ್ತಿರ ಇದೆ, ಆಮೇಲೆ ಅಕ್ಕನ ಮಗಳ ಸರದಿ, ನನ್ನದು ಕೊನೆಗೆ.